ದೀಪದವಳು ಸತ್ತ ಜಾಗ

ಕಾಗದದ ಮೇಲೆ ನಾಲ್ಕು ಗೆರೆಗಳಿದ್ದವು, ನಾಲ್ಕೂ ಖಾಲಿ. ಪಕ್ಕದ ಕಾಗದಗಳಲ್ಲಿ ಗೆರೆ ಸಾಲದೆ ಜನ ಅಂಚಿನಲ್ಲೆಲ್ಲ ಹೆಸರು ಗೀಚಿದ್ದರು. ಕನ್ನಡಕ ಮನೆಯಲ್ಲೇ ಬಿಟ್ಟುಬಂದಿದ್ದ ನಕ್ಷೆಗಾರನಿಗೆ ಆ ಹೆಸರುಗಳು ಇರುವೆ ಸಾಲಿನ ಹಾಗೆ ಮಸುಕಾಗಿ ಕಂಡವು, ತನ್ನ ಕಾಗದ ಖಾಲಿಯಿದೆ ಎನ್ನುವುದು ಮಾತ್ರ ಸ್ಪಷ್ಟವಾಗಿ ಕಂಡಿತು. ವಾಚನಾಲಯದ ಮಹಡಿಯ ಈ ಹಜಾರದಲ್ಲಿ ವರ್ಷಕ್ಕೊಂದು ಭಾನುವಾರ ಆಟಗಾರರ ಕೂಟ ಸೇರುತ್ತದೆ. ಮೇಜಿಗೊಬ್ಬ ಕತೆ ನಡೆಸುವವ. ಅವನು ಇಲ್ಲದ ನಾಡೊಂದನ್ನು ಹೇಳುತ್ತ ಹೋಗುತ್ತಾನೆ, ಸುತ್ತ ಕೂತವರು ಆ ನಾಡಿನ ಒಬ್ಬೊಬ್ಬರಾಗಿ ಮಾತಾಡುತ್ತಾರೆ, ಮಾತಿನಲ್ಲಿ ತೀರದ್ದನ್ನು ದಾಳ ತೀರಿಸುತ್ತದೆ. ಯಾರು ಯಾವ ಮೇಜಿಗೆ ಎಂಬುದಕ್ಕೆ ಬಾಗಿಲಲ್ಲಿ ಈ ಕಾಗದಗಳು. ಹತ್ತೂವರೆಯೊಳಗೆ ಇಬ್ಬರಾದರೂ ಸಿಗದ ಮೇಜನ್ನು ಬೇರೆಯವರಿಗೆ ಕೊಟ್ಟುಬಿಡುತ್ತಾರೆ. ಆಗ ಹತ್ತು ಗಂಟೆ ಹತ್ತು ನಿಮಿಷ. ನಕ್ಷೆಗಾರ ಆಚೀಚೆ ನೋಡಿ, ದಾರಕ್ಕೆ ಕಟ್ಟಿದ್ದ ಪೆನ್ನನ್ನು ಎಡಗೈಗೆ ತೆಗೆದುಕೊಂಡು, ಮೊದಲ ಗೆರೆಯ ಮೇಲೆ ‘ನಡುಗಡ್ಡೆ’ ಎಂದು ಬರೆದ. ಇಲ್ಲಿ ಯಾರೂ ನಿಜವಾದ ಹೆಸರು ಬರೆಯುವುದಿಲ್ಲ, ಎಲ್ಲರಿಗೂ ಇಂಥದೊಂದು ಅಡ್ಡಹೆಸರಿದೆ. ಮೊದಲು ಬರೆಯುವವರಿಗೆ ಸಂಕೋಚ, ಒಬ್ಬರಿದ್ದಾರೆ ಅಂದರೆ ಇನ್ನೊಬ್ಬರು ಬಂದೇ ಬರುತ್ತಾರೆ ಎಂದು ತನಗೆ ತಾನೇ ಸಮಜಾಯಿಷಿ ಹೇಳಿಕೊಂಡ. ನೀರು ಸರಬರಾಜು ಕಚೇರಿಯಲ್ಲಿ ಇಪ್ಪತ್ತಾರು ವರ್ಷ ನೆಲದಡಿಯ ಕೊಳವೆಗಳ ನಕ್ಷೆ ಬರೆದ, ಐವತ್ತೆರಡು ತುಂಬಿದ ಮನುಷ್ಯ, ಎಡಗೈಯಲ್ಲಿ ಕಳ್ಳ ಹೆಸರು ಬರೆದು, ಏನೂ ಆಗದವನ ಹಾಗೆ ಒಳಗೆ ಹೋಗಿ ಮೂಲೆಯ ಮೇಜಿಗೆ ಕೂತ. ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ಹಲ್ಲು ಕೀಳುವ ಮೊದಲು ಒಸಡಿಗೆ ಸೂಜಿ ಚುಚ್ಚಿದಾಗ ಕೆನ್ನೆ ಇದ್ದೂ ಇಲ್ಲದ ಹಾಗಾಗುತ್ತದಲ್ಲ, ಕೆಲವು ವರ್ಷಗಳಿಂದ ಅವನಿಗೆ ಎಲ್ಲವೂ ಹಾಗೇ ಇತ್ತು.

ಅವನ ನಾಡಿನ ಹೆಸರು ‘ಕಡಲು ಹೋದ ಸೀಮೆ’. ಒಂದು ಬೆಳಿಗ್ಗೆ ಕಡಲು ಹಿಂದಕ್ಕೆ ಸರಿದು ಹೋದದ್ದು ಮತ್ತೆ ಬಂದಿಲ್ಲ. ಬಂದರುಗಳಿವೆ, ನೀರಿಲ್ಲ. ಒಣಗಿದ ಕೆಸರಿನಲ್ಲಿ ವಾಲಿ ನಿಂತ ಹಡಗುಗಳಲ್ಲಿ ಸಂಸಾರಗಳಿವೆ. ಅಲ್ಲಿನ ಮಕ್ಕಳು ಓರೆ ನೆಲದ ಮೇಲೆಯೇ ಹುಟ್ಟಿ ಬೆಳೆದದ್ದರಿಂದ ಸಪಾಟು ನೆಲದಲ್ಲಿ ಎಡವುತ್ತವೆ. ಬೆಸ್ತರು ಬಾವಿ ತೋಡಲು ಕಲಿತಿದ್ದಾರೆ. ಮಂತ್ರವಾದಿಗಳೂ ಇದ್ದಾರೆ, ಆದರೆ ಅವರಿಗೆ ಬರುವ ಮಂತ್ರವೆಲ್ಲ ನೀರಿನದು, ಕೆಲಸ ಕಳೆದುಕೊಂಡು ಹಗ್ಗ ಹೊಸೆಯುತ್ತ ಕೂತಿದ್ದಾರೆ. ಇದನ್ನೆಲ್ಲ ಅವನು ತೊಂಬತ್ತನಾಲ್ಕು ಪುಟಗಳ ಪುಸ್ತಕ ಮಾಡಿ ಇನ್ನೂರು ಪ್ರತಿ ಅಚ್ಚು ಹಾಕಿಸಿದ್ದ. ಅದರಲ್ಲಿ ನೂರ ಅರವತ್ತು ಇವತ್ತಿಗೂ ಮಂಚದ ಕೆಳಗೆ ಇವೆ. ಕಸ ಗುಡಿಸುವಾಗ ಪೊರಕೆ ತಾಗಿ ಅವುಗಳ ಅಂಚು ಮೆತ್ತಗಾಗಿದೆ. ಆಟಗಾರರ ಪತ್ರಿಕೆಯೊಂದು ಅದರ ಬಗ್ಗೆ ಬರೆದದ್ದು ಎರಡೇ ವಾಕ್ಯ: ನಕ್ಷೆಗಳು ಅಚ್ಚುಕಟ್ಟಾಗಿವೆ, ಹೊಡೆದಾಟಕ್ಕೆ ಅವಕಾಶ ಕಡಿಮೆ. ಅವನಿಗೆ ಅದು ಬಾಯಿಪಾಠ. ಆದರೆ ಬೇರೆ ಯಾರ ಪುಸ್ತಕದಲ್ಲೂ ಇಲ್ಲದ ನಿಯಮವೊಂದು ಅದರಲ್ಲಿತ್ತು, ನಲವತ್ತೊಂದನೆಯ ಪುಟದಲ್ಲಿ. ಆಟದಲ್ಲಿ ಯಾರಾದರೂ ಸತ್ತರೆ, ಅವರಾಗಿ ಆಡುತ್ತಿದ್ದವರು ತಮ್ಮ ಕೈಯಾರೆ, ಶಾಯಿಯಲ್ಲಿ, ನಕ್ಷೆಯ ಮೇಲೆ ಸತ್ತ ಜಾಗದಲ್ಲಿ ಆ ಹೆಸರು ಬರೆಯಬೇಕು. ಅದನ್ನು ಅಳಿಸುವ ಹಾಗಿಲ್ಲ. ಆಮೇಲೆ ಎಷ್ಟು ವರ್ಷಕ್ಕೆ ಯಾರೇ ಆ ದಾರಿಯಲ್ಲಿ ಬಂದರೂ ಹೆಸರಿನ ಬಳಿ ನಿಲ್ಲಬೇಕು. ಆ ಸಾವನ್ನು ಕಂಡವರು ಮೇಜಿನಲ್ಲಿದ್ದರೆ ಅದು ಹೇಗಾಯಿತೆಂದು ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ಕೇಳಿದ ಮೇಲೆಯೇ ಮುಂದಿನ ಹೆಜ್ಜೆ.

“ಸರ್, ನಿಮ್ಮ ಮೇಜಿಗೆ ಒಬ್ಬರೇ ಬರೆದಿರೋದು,” ಎಂದು ಕೂಟದ ಕಾರ್ಯದರ್ಶಿ ಬಂದು ನಿಂತಳು. ಕೊರಳಲ್ಲಿ ಸೀಟಿ ನೇತುಹಾಕಿಕೊಂಡು ಓಡಾಡುವ, ಎಲ್ಲರ ಮೇಲೂ ಒಂದೇ ಸಮ ಅಕ್ಕರೆಯಿರುವ ಹೆಂಗಸು. “ನಡುಗಡ್ಡೆ ಅಂತೆ. ಬಂದಿದ್ದಾರಾ ಅವರು?”

“ಬರಬಹುದು,” ಎಂದ.

ಅವಳು ಅಷ್ಟಕ್ಕೆ ಬಿಡಬಹುದಿತ್ತು. ಒಳ್ಳೆಯ ಮನಸ್ಸಿನವಳಾದ್ದರಿಂದ ಬಿಡಲಿಲ್ಲ. ಸೀಟಿ ಊದಿದಳು. ಏಳು ಮೇಜುಗಳ ಗದ್ದಲ ನಿಂತಿತು. “ನಡುಗಡ್ಡೆ ಯಾರು? ನಡುಗಡ್ಡೆ ಅನ್ನೋರು ಯಾರಪ್ಪ, ಸ್ವಲ್ಪ ಕೈ ಎತ್ತಿ.” ಯಾರೂ ಎತ್ತಲಿಲ್ಲ. “ಮುಳುಗಿ ಹೋಗಿರ್ಬೇಕು,” ಎಂದು ಡ್ರ್ಯಾಗನ್ ಬೇಟೆಯ ಕತೆ ನಡೆಯುವ ಮೇಜಿನಿಂದ ಯಾರೋ ಅಂದರು, ನಗು ಹಜಾರದ ಆ ಕಡೆಯಿಂದ ಈ ಕಡೆಗೆ ಬಂತು. ನಕ್ಷೆಗಾರ ದಾಳವನ್ನು ಕೈಯಲ್ಲಿ ಹಿಡಿದು ಅದರ ಮುಖಗಳನ್ನು ಒಂದೊಂದಾಗಿ ನೋಡತೊಡಗಿದ. ಹತ್ತು ಮುಖಗಳೂ ಇದ್ದವು. ನಗು ತನ್ನ ಮೇಲೆಯೇ ಬಿದ್ದದ್ದು ಎಂದು ಗೊತ್ತಿತ್ತು, ಪಕ್ಕದ ಮನೆಯ ರೇಡಿಯೋ ಕೇಳಿದ ಹಾಗೆ ಅದನ್ನು ಕೇಳಿಸಿಕೊಂಡ.

“ನಾನೇ,” ಎಂದಿತು ಬಾಗಿಲ ಕಡೆಯಿಂದ ಒಂದು ದನಿ.

ತಂಗಿ. ಕೈಯಲ್ಲಿ ಅವನ ಕನ್ನಡಕದ ಡಬ್ಬಿ ಹಿಡಿದುಕೊಂಡಿದ್ದಳು. ಮೇಜುಗಳ ನಡುವೆ ದಾರಿ ಮಾಡಿಕೊಂಡು ಬಂದು, ಡಬ್ಬಿಯನ್ನು ಅವನ ಮುಂದಿಟ್ಟು, ಎದುರಿನ ಕುರ್ಚಿ ಎಳೆದುಕೊಂಡು ಕೂತಳು. “ಫೋನ್ ಮಾಡಿದ್ರೆ ಎತ್ತಲ್ಲ. ಇದಿಲ್ಲದೆ ನಿಂಗೆ ದಾಳ ಹೇಗೆ ಕಾಣತ್ತೆ?” ಎಂದಳು, ಆಮೇಲೆ ದನಿ ತಗ್ಗಿಸಿ, “ಎಡಗೈಲಿ ಬರೆದ್ರೂ ಗೊತ್ತಾಗತ್ತೆ ಅಣ್ಣ. ಕಾಗದ ತೂತು ಬೀಳೋ ಹಾಗೆ ಒತ್ತಿ ಬರೀತೀಯ.”

“ಆಡ್ತೀರಾ ಮೇಡಂ?” ಎಂದು ಕಾರ್ಯದರ್ಶಿ ಕೇಳಿದಳು.

“ಆಡ್ತೀನಿ. ಇವತ್ತು ರಜ.”

ಅವನ ಎದೆ ಧಸಕ್ಕೆನ್ನಬೇಕಿತ್ತು. ಅವಳು ಅವನ ಮೇಜಿಗೆ ಕೂತು ಹದಿನೆಂಟು ವರ್ಷವಾಗಿತ್ತು. ಒಂದೇ ಮನೆ, ಎರಡು ಕೋಣೆ, ಒಂದು ಅಡುಗೆಮನೆ. ಅಪ್ಪ ಅಮ್ಮ ಹೋದ ಮೇಲೆ ಇಬ್ಬರೇ. ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಅವಳಿಗೆ ಕೆಲಸ, ಬೆಳಿಗ್ಗೆ ಆರೂವರೆಗೆ ಹೊರಡುತ್ತಾಳೆ, ಸಂಜೆ ಬಂದವಳು ಎಷ್ಟು ಜನರ ನರ ಸಿಗಲಿಲ್ಲ ಎಂದು ಹೇಳುತ್ತ ತರಕಾರಿ ಹೆಚ್ಚುತ್ತಾಳೆ. ಹೊಗೆ ಬಿಡುವ ಸ್ಟೌ, ಸೋರುವ ನಲ್ಲಿ, ಯಾರ ಅಂಗಿಯ ಗುಂಡಿ, ಎಲ್ಲದರ ಬಗ್ಗೆಯೂ ಮಾತಾಡಿದ್ದಾರೆ. ಆ ಒಂದು ಶನಿವಾರದ ಸಂಜೆಯ ಬಗ್ಗೆ ಒಮ್ಮೆಯೂ ಇಲ್ಲ. ಆಗ ಮನೆಯ ಮುಂದಿನ ಕೋಣೆಯಲ್ಲಿ ವಾರವಾರ ಆಟ ನಡೆಯುತ್ತಿತ್ತು, ಗಡ್ಡದ ಗೆಳೆಯನೊಬ್ಬ, ಇನ್ನಿಬ್ಬರು, ಮತ್ತೆ ಇವಳು. ಇವಳು ದೀಪದವಳಾಗಿ ಆಡುತ್ತಿದ್ದಳು. ಕಡಲು ಹೋದ ಮೇಲೂ ದಿನಾ ಸಂಜೆ ದೀಪಸ್ತಂಭ ಹತ್ತಿ ಬತ್ತಿ ಹಚ್ಚುವವಳು, ಯಾಕೆ ಎಂದರೆ ತಿರುಗಿ ಬೈಯುವವಳು. ಆ ಸಂಜೆ ಗಡ್ಡದವನು, ಕಡಲು ಹೋದ ಕಡೆ ಮುಸ್ಸಂಜೆ ಹೇಗಿರತ್ತೆ ಎಂದು ಕೇಳಿದ. ಕೇಳಿದ್ದು ಕತೆ ನಡೆಸುವವನನ್ನಲ್ಲ, ಅವಳನ್ನು. ಅವಳು ಉಗುರು ನೋಡಿಕೊಳ್ಳುತ್ತಲೇ, “ಉಪ್ಪು ತಣ್ಣಗಾಗತ್ತಲ್ಲ, ಆವಾಗ ಚಿಟಿಚಿಟಿ ಅಂತ ಬಿರುಕು ಬಿಡತ್ತೆ. ಮುದುಕರು ಅಲೆ ಬಂತು ಅಂದ್ಕೊಂಡು ಎದ್ದು ಕೂರ್ತಾರೆ,” ಅಂದಳು. ಅದು ನಕ್ಷೆಗಾರನ ಟಿಪ್ಪಣಿ ಪುಸ್ತಕದಲ್ಲಿ ಇರಲಿಲ್ಲ. ಆರು ವರ್ಷ ಆ ನಾಡಿನಲ್ಲೇ ಓಡಾಡಿದ ಅವನಿಗೆ ಆ ಸದ್ದು ಒಮ್ಮೆಯೂ ಕೇಳಿಸಿರಲಿಲ್ಲ. ಉಳಿದ ಮೂವರೂ ಅದನ್ನು ಬರೆದುಕೊಂಡರು. ಇಪ್ಪತ್ತು ನಿಮಿಷಕ್ಕೆ ದೀಪಸ್ತಂಭದ ಮೆಟ್ಟಿಲು ಅವಳ ಕಾಲಡಿ ಕುಸಿಯಿತು. ಮೂರಕ್ಕಿಂತ ಹೆಚ್ಚು ಬಿದ್ದರೆ ಬದುಕು. ಕತೆ ನಡೆಸುವವ ತನ್ನ ಮುಂದೆ ಅಡ್ಡಲಾಗಿ ರಟ್ಟು ನಿಲ್ಲಿಸಿಕೊಂಡು ಅದರ ಹಿಂದೆ ದಾಳ ಎಸೆಯುವುದು ವಾಡಿಕೆ. ಏಳು ಬಿತ್ತು. ಅವನು “ಎರಡು” ಎಂದ.

ಹೊಟ್ಟೆಕಿಚ್ಚು ಅಷ್ಟೆ. ಅದಕ್ಕೆ ಅವನು ಬೇರೆ ಹೆಸರು ಹುಡುಕಲು ಹೋಗಿಲ್ಲ. ಅವಳು ಸಾಯುತ್ತ ದೀಪದವಳ ದನಿಯಲ್ಲಿ, “ಬತ್ತಿ ಕತ್ತರಿಸಿ ಇಡಿ. ತಡವಾಗಿ ಬರೋರು ಇರ್ತಾರೆ,” ಎಂದಳು, ಗಡ್ಡದವನು ಮುಖ ಆ ಕಡೆ ತಿರುಗಿಸಿ ಕಣ್ಣು ಒರೆಸಿಕೊಂಡ. ಅವಳು ನಕ್ಷೆ ಎಳೆದುಕೊಂಡು ದೀಪಸ್ತಂಭದ ಪಕ್ಕದಲ್ಲಿ ‘ದೀಪದವಳು’ ಎಂದು ದುಂಡಗೆ ಬರೆದು, ಪೆನ್ನಿನ ಮುಚ್ಚಳ ಹಾಕಿ, ಎದ್ದು ಒಳಗೆ ಹೋದಳು. ಮರುವಾರ ಬರಲಿಲ್ಲ, ಅದರಾಚೆ ವಾರವೂ ಇಲ್ಲ. ಆ ರಾತ್ರಿಯೇ ಅವನು ಕುರ್ಚಿಗಳನ್ನು ಒಳಗಿಡುವಾಗ ಅವಳ ಕುರ್ಚಿಯಲ್ಲಿ ಒಂದು ಗಳಿಗೆ ಕೂತಿದ್ದ. ತಾನು ಕೂರುವ ಜಾಗದ ಹಿಂದೆ ಅಪ್ಪನ ಪುಸ್ತಕದ ಬೀರು, ಅದಕ್ಕೆ ಗಾಜಿನ ಬಾಗಿಲು. ಗಾಜಿನಲ್ಲಿ ರಟ್ಟಿನ ಹಿಂಬದಿ, ದೀಪದ ಬೆಳಕು, ಇನ್ನೂ ಅಲ್ಲೇ ಬಿದ್ದಿದ್ದ ದಾಳ, ಅದರ ಏಳು, ಎಲ್ಲ ಕಾಣುತ್ತಿದ್ದವು.

ಅವಳಿಗೆ ಗೊತ್ತು. ಆವತ್ತಿನಿಂದ ಈ ಒಂದು ಮಾತಿನ ಮೇಲೆಯೇ ಅವನ ಸಂಸಾರ ನಡೆದಿದೆ. ಅವಳು ಸಾರಿಗೆ ಉಪ್ಪು ಸಾಕಾ ನೋಡಿ ಹೇಳು, ಸರಿಯಾಗಿ ನೋಡಿ ಹೇಳು ಎಂದಾಗ ಅವನ ಕೈಯ ಸೌಟು ನಿಲ್ಲುತ್ತಿತ್ತು. ಲ್ಯಾಬಿನಲ್ಲಿ ಯಾರೋ ಪರೀಕ್ಷೆ ಮಾಡದೆಯೇ ಅಂಕಿ ಬರೆದು ಸಿಕ್ಕಿಬಿದ್ದ ಕತೆ ಹೇಳುತ್ತ, ಅಂಥವರಿಗೆ ನಿದ್ದೆ ಹೇಗೆ ಬರತ್ತೋ ಎಂದಾಗ ಅವನು ತಟ್ಟೆಯಿಂದ ತಲೆಯೆತ್ತಲಿಲ್ಲ. ಗೊತ್ತಿದ್ದೂ ಕೇಳುತ್ತಿಲ್ಲ, ನಾನೇ ಹೇಳಲಿ ಎಂದು ಕಾಯುತ್ತಿದ್ದಾಳೆ ಎಂದು ಮೊದಲು ಅನಿಸುತ್ತಿತ್ತು. ಆಮೇಲೆ ಕ್ಷಮಿಸಿದ್ದಾಳೆ ಎಂದು. ಅದಾದ ಮೇಲೆ, ಕ್ಷಮಿಸದೆಯೇ ಬಟ್ಟೆ ಒಗೆದು ಹಾಕುತ್ತಿದ್ದಾಳೆ ಎಂದು. ಹೇಳಬೇಕು ಎಂದು ಪ್ರತಿ ವರ್ಷವೂ ಅಂದುಕೊಳ್ಳುತ್ತಿದ್ದ. ಹೇಳುವುದನ್ನು ಮುಂದೂಡಿ ಮುಂದೂಡಿ ಒಳಗೆ ಯಾವುದೋ ಭಾಗ ಜೋಮು ಹಿಡಿದು ಕೂತಿತು, ಅದು ಅಲ್ಲಿಗೇ ನಿಲ್ಲಲಿಲ್ಲ.

“ಇಲ್ಲಿ ಜಾಗ ಇದೆಯಾ?” ಎಂದು ಎರಡನೆಯ ಆಟಗಾರ ಬಂದ. ಕಟ್ಟುಹಲ್ಲು ಮಾಡುವ ಕೆಲಸವಂತೆ, ಬೆರಳ ತುದಿಗಳಲ್ಲಿ ಇನ್ನೂ ಬಿಳಿ ಪುಡಿ ಮೆತ್ತಿಕೊಂಡಿತ್ತು. “ಡ್ರ್ಯಾಗನ್ ಮೇಜಲ್ಲಿ ಹದಿಮೂರು ಜನ ಸಾರ್. ನನ್ನ ಸರದಿ ಬರೋಷ್ಟರಲ್ಲಿ ಅದಕ್ಕೇ ಹಲ್ಲು ಕಟ್ಟಬೇಕಾಗತ್ತೆ.” ಅವನಿಗೆ ಕೆಲಸ ಕಳೆದುಕೊಂಡ ಮಂತ್ರವಾದಿಯ ಪಾತ್ರ ಕೊಟ್ಟರು. ಏನೂ ಬರದ ಮಂತ್ರವಾದಿಯಾ, ಬಲೇ, ಎಂದು ಅವನು ಕುರ್ಚಿ ಮುಂದೆಳೆದುಕೊಂಡ. ತಂಗಿ ಬಾವಿ ತೋಡುವವಳಾದಳು. ನಕ್ಷೆಗಾರ ಕನ್ನಡಕ ಹಾಕಿಕೊಂಡು, ಮಡಿಕೆ ಮಡಿಕೆಯಲ್ಲೂ ಟೇಪು ಹಚ್ಚಿದ ಹಳೆಯ ನಕ್ಷೆ ಬಿಡಿಸಿದ, ಅಡ್ಡರಟ್ಟು ನಿಲ್ಲಿಸಿದ, ಆಟ ಶುರು ಮಾಡಿದ. ಬಂದರಿನ ಕಲ್ಲುಕಟ್ಟೆಯ ಮೇಲೆ ಇಬ್ಬರೂ ಕೂತಿದ್ದೀರಿ, ಕೆಳಗೆ ನೀರಿರಬೇಕಾದ ಕಡೆ ಯಾರೋ ಮೆಣಸಿನ ಗಿಡ ಹಾಕಿದ್ದಾರೆ. ತಂಗಿ ಮೊದಲು ತಡವರಿಸಿದಳು, ಆಮೇಲೆ ಬಾವಿ ತೋಡುವವಳ ದನಿ ಅವಳಿಗೆ ಸಿಕ್ಕಿತು. ಮಣ್ಣು ನಾಲಿಗೆಗಿಟ್ಟು ನೋಡ್ತೀನಿ ಎಂದಳು. ಮೂರು ಥರದ ಉಪ್ಪಿದೆ, ತಿನ್ನೋ ಉಪ್ಪು, ಸುಡೋ ಉಪ್ಪು, ಸುಮ್ನಿರೋ ಉಪ್ಪು, ಸುಮ್ನಿರೋದರ ಕೆಳಗೆ ಸಿಹಿನೀರು ಎಂದಳು. ಇದೂ ಪುಸ್ತಕದಲ್ಲಿರಲಿಲ್ಲ. ಹಳೆಯ ಹೊಟ್ಟೆಕಿಚ್ಚು ಇದೆಯಾ ಎಂದು ನಕ್ಷೆಗಾರ ಒಳಗೆ ತಡಕಾಡಿ ನೋಡಿದ, ಅದೂ ಸಿಗಲಿಲ್ಲ. ಬಾವಿಯಲ್ಲಿ ನೀರು ಬರುತ್ತದೋ ಇಲ್ಲವೋ ಎಂದು ಅವನು ರಟ್ಟಿನ ಹಿಂದೆ ದಾಳ ಎಸೆಯುವಾಗ ತಂಗಿ ಎರಡೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಳು.

“ಕಣ್ಣು ಬಿಡಿ ಮೇಡಂ, ಯಾರೂ ಹಲ್ಲು ಕೀಳ್ತಿಲ್ಲ,” ಎಂದ ಹಲ್ಲು ಕಟ್ಟುವವ.

ನೀರು ಬಂತು. ಹಲ್ಲು ಕಟ್ಟುವವ ಖುಷಿಯಾಗಿ ನಕ್ಷೆಯ ಮೇಲೆ ಬಗ್ಗಿದ. “ಮುಂದೆ ಎಲ್ಲಿಗೆ? ಇದೇನಿದು, ದೀಪಸ್ತಂಭನಾ? ನೀರಿಲ್ಲದ ಕಡೆ? ಇಲ್ಲಿಗೆ ಹೋಗೋಣ.” ಅವನ ಬೆರಳಿನ ಬಿಳಿ ಪುಡಿ ಆ ಜಾಗದ ಮೇಲೆ ಸ್ವಲ್ಪ ಉದುರಿತು. “ಯಾರೋ ಹೆಸರು ಬರೆದಿದ್ದಾರೆ. ದೀಪದವಳು.”

ನಕ್ಷೆಗಾರ ನಿಯಮ ಹೇಳಿದ. ತನ್ನ ದನಿ ಪುಟ ಓದುವವನ ಹಾಗೆ ಸಮನಾಗಿದ್ದುದು ಅವನಿಗೇ ಕೇಳಿಸಿತು.

“ಹಾಗಾದ್ರೆ ಹೇಳಿ. ಕಂಡವರು ಯಾರಿದ್ದಾರೆ ಇಲ್ಲಿ?”

“ಬಾವಿ ತೋಡೋಳು ಈ ಕಡೆಗೆ ಹೊಸಬಳು, ಅವಳಿಗೇನು ಗೊತ್ತು,” ಎಂದಳು ತಂಗಿ. ಎರಡೂ ಮೊಣಕೈ ಮೇಜಿಗೂರಿ, ಗಲ್ಲವನ್ನು ಅಂಗೈಯಲ್ಲಿಟ್ಟುಕೊಂಡಳು. “ನೀನೇ ಹೇಳು ಅಣ್ಣ. ಚೆನ್ನಾಗಿ ಹೇಳು.” ಹೇಳಿ ಸಣ್ಣಗೆ ನಕ್ಕಳು.

ಆ ನಗುವನ್ನು ಅವನು ತಪ್ಪಾಗಿ ಓದಿದ. ಹದಿನೆಂಟು ವರ್ಷ ಒಂದೇ ಅರ್ಥ ಇಟ್ಟುಕೊಂಡು ಕೂತವನಿಗೆ ಬೇರೆ ಅರ್ಥ ಹೊಳೆಯುವುದಾದರೂ ಹೇಗೆ. ಇದಕ್ಕಾಗಿಯೇ ಕನ್ನಡಕದ ನೆಪ ಮಾಡಿಕೊಂಡು ಬಂದಿದ್ದಾಳೆ, ನನ್ನದೇ ನಿಯಮದಲ್ಲಿ ನನ್ನನ್ನು ಕೂರಿಸಿ, ಈಗ ಬಾಗಿಲು ತೆರೆದು ಹಿಡಿದಿದ್ದಾಳೆ ಎಂದುಕೊಂಡ. ಎಂಥ ಒಳ್ಳೆಯವಳು ಎಂದೂ ಅನಿಸಿತು. ಹೇಳತೊಡಗಿದ. ಮುಸ್ಸಂಜೆ, ಉಪ್ಪು ಬಿರಿಯುವ ಹೊತ್ತು, ಅವಳು ಎಣ್ಣೆಯ ಗಿಂಡಿ ಹಿಡಿದು ಹತ್ತುತ್ತಿದ್ದಳು, ಒಳಗೊಳಗೇ ಉಪ್ಪು ತಿಂದ ಮೆಟ್ಟಿಲು, ಅರವತ್ತನೆಯದೋ ಅರವತ್ತೊಂದನೆಯದೋ. ತಂಗಿ ತಲೆದೂಗುತ್ತಿದ್ದಳು. ಅವಳ ತುಟಿಗಳು ಮುಂದಿನ ಮಾತನ್ನು, ಬತ್ತಿಯ ಮಾತನ್ನು, ಆಗಲೇ ಸದ್ದಿಲ್ಲದೆ ಆಡುತ್ತಿದ್ದವು.

“ಅವಳು ಬಿದ್ದಳು,” ಎಂದ ನಕ್ಷೆಗಾರ. “ದಾಳ ಏಳು ಬಿದ್ದಿತ್ತು. ನಾನು ಎರಡು ಅಂತ ಹೇಳಿದೆ. ಅವಳು ಸಾಯಬೇಕಾಗಿರಲಿಲ್ಲ.”

ಹೇಳಿ ಕಾದ. ಹಗುರವಾಗುತ್ತದೆ ಎನ್ನುತ್ತಾರೆ, ಕಣ್ಣು ತುಂಬುತ್ತದೆ ಎನ್ನುತ್ತಾರೆ. ಯಾವುದೂ ಬರಲಿಲ್ಲ, ಕಚೇರಿಯಲ್ಲಿ ಒಂದು ಹಾಳೆ ಮುಗಿಸಿ ಪಕ್ಕಕ್ಕಿಟ್ಟಂತಿತ್ತು. ತಂಗಿಯ ಮುಖದ ಮೇಲೆ ಆ ನಗು ಇನ್ನೂ ಇತ್ತು, ಹೋಗು ಎಂದು ಅದಕ್ಕೆ ಯಾರೂ ಹೇಳದೆ ಉಳಿದುಬಿಟ್ಟಿದ್ದ ಹಾಗೆ.

“ಏಳಾ?” ಎಂದಳು.

“ಏಳು. ನಿಂಗೆ ಗೊತ್ತಿತ್ತಲ್ಲ. ಬೀರು ಗಾಜಲ್ಲಿ ನೋಡಿದ್ದೆಯಲ್ಲ.”

“ಯಾವ ಗಾಜು?”

“ನನ್ನ ಕುರ್ಚಿ ಹಿಂದೆ. ಅಪ್ಪನ ಬೀರು.”

“ನಾನು ಕಣ್ಣು ಮುಚ್ಕೊಂಡಿರ್ತೀನಿ ಅಣ್ಣ, ದಾಳ ಹಾಕೋವಾಗ,” ಎಂದಳು. “ಯಾವಾಗ್ಲೂ.”

ಹಲ್ಲು ಕಟ್ಟುವವ ಇಬ್ಬರನ್ನೂ ನೋಡಿ, ಬೆರಳ ಪುಡಿಯನ್ನು ಪ್ಯಾಂಟಿಗೆ ಒರೆಸಿಕೊಂಡ. ಡ್ರ್ಯಾಗನ್ ಮೇಜಿನಲ್ಲಿ ಏನೋ ಸತ್ತಿರಬೇಕು, ಹದಿಮೂರು ಜನ ಒಟ್ಟಿಗೆ ಕೂಗಿದರು.

“ಮತ್ತೆ ಯಾಕೆ ಬಿಟ್ಟೆ?” ಎಂದ ನಕ್ಷೆಗಾರ. “ಮರುವಾರ ಯಾಕೆ ಬರಲಿಲ್ಲ?”

ಅವಳು ಕನ್ನಡಕದ ಡಬ್ಬಿಯನ್ನು ತೆರೆದಳು, ಮುಚ್ಚಿದಳು. “ಅಷ್ಟು ಚೆನ್ನಾಗಿ ಸತ್ತ ಮೇಲೆ ಇನ್ನೊಬ್ಬಳಾಗಿ ಬಂದು ಕೂರೋಕೆ ಮನಸ್ಸಾಗಲಿಲ್ಲ. ಕೋಪ ಏನಿಲ್ಲ. ಖುಷಿಯಾಗಿತ್ತು ನಂಗೆ. ನಾನು ಓದಿದ್ದು ಅಪ್ಪ ಹೇಳಿದ್ದು. ಲ್ಯಾಬಿನ ಕೆಲಸ ಮಾವ ಕೊಡಿಸಿದ್ದು. ಮದುವೆ ನೀವೆಲ್ಲ ಕೂತು ಗೊತ್ತು ಮಾಡಿದ್ದು, ನೀವೇ ಕೂತು ಮುರಿದದ್ದು. ಅದೊಂದು ಮಾತ್ರ ಯಾರೂ ಕೈ ಹಾಕದೆ ಆಗಿದ್ದು ಅಂದ್ಕೊಂಡಿದ್ದೆ. ರಕ್ತ ತೆಗೆಯೋವಾಗ ಒಬ್ಬೊಬ್ಬರು ಹೆದರ್ತಾರಲ್ಲ, ಅವರಿಗೆ ಹೇಳ್ತೀನಿ, ನಾನೊಂದು ಸಲ ದೀಪಸ್ತಂಭದಿಂದ ಬಿದ್ದು ಸತ್ತಿದ್ದೆ ಅಂತ. ನಗ್ತಾರೆ, ಕೈ ಸಡಿಲ ಬಿಡ್ತಾರೆ.”

ನಕ್ಷೆಗಾರ ಅವಳ ಕೈಯಿಂದ ಡಬ್ಬಿ ತೆಗೆದುಕೊಂಡು ಜೇಬಿಗೆ ಹಾಕಿಕೊಂಡ. ತಾನು ಈವರೆಗೆ ಬಚ್ಚಿಟ್ಟದ್ದು ಕಳ್ಳತನವಲ್ಲ, ಅವಳದ್ದೇ ಆಗಿದ್ದ ಅದೊಂದರ ಕಳ್ಳತನ ಆಗಿದ್ದು ಈಗ, ಈ ಮೇಜಿನ ಮೇಲೆ, ಎಲ್ಲರೆದುರು ಎಂಬುದು ಅವನಿಗೆ ನಿಧಾನವಾಗಿ ಅರ್ಥವಾಗುತ್ತಿತ್ತು.

“ಒಂದು ಕೇಳ್ಲಾ,” ಎಂದ ಹಲ್ಲು ಕಟ್ಟುವವ ಸಂಕೋಚದಿಂದ. ಆಟ ಆಡುವುದಕ್ಕೆಂದೇ ಬಂದವನು, ಅವನದೇನೂ ತಪ್ಪಿಲ್ಲ. “ಹಾಗಾದ್ರೆ ಆಕೆ ಬದುಕಿದಾಳೆ ಅಂತಾಯ್ತಾ?”

“ಹೌದಂತೆ,” ಎಂದಳು ತಂಗಿ. ನೆಟ್ಟಗೆ ಕೂತಳು. ಈಗ ಅವಳ ದನಿ ತಂಗಿಯದಲ್ಲ, ಬಾವಿ ತೋಡುವವಳದೂ ಅಲ್ಲ. ಕತೆ ನಡೆಸುವವನನ್ನು ಆಟಗಾರರು ಕೇಳುವ ದನಿ, ಕೇಳಿದ್ದಕ್ಕೆ ಅವನು ಉತ್ತರ ಕೊಡಲೇಬೇಕಾದ ದನಿ. “ಹದಿನೆಂಟು ವರ್ಷ ಅವಳು ಎಲ್ಲಿದ್ದಳು?”

ಆ ಸೀಮೆಯ ಪ್ರತಿ ಬಾವಿಯ ಆಳ ಅವನಿಗೆ ಗೊತ್ತಿತ್ತು. ಯಾವ ಹಡಗಿನಲ್ಲಿ ಎಷ್ಟು ಒಲೆ, ಯಾವ ಬಂದರಿನ ಗಂಟೆ ಒಡೆದಿದೆ, ಮಂತ್ರವಾದಿಗಳ ಹಗ್ಗ ಎಷ್ಟು ಎಳೆಯದು, ಎಲ್ಲ ಗೊತ್ತಿತ್ತು. ಅವನು ಪುಸ್ತಕ ತೆಗೆದು ನಲವತ್ತೊಂದನೆಯ ಪುಟ ಬಿಡಿಸಿದ, ಓದಿದ, ಮುಚ್ಚಿದ. ಕೆನ್ನೆಯ ಒಳಗೆಲ್ಲೋ ಸಣ್ಣಗೆ ನೋಯತೊಡಗಿತ್ತು. ಬಿದ್ದ ಮೆಟ್ಟಿಲ ಕೆಳಗೆ, ಕೈಯಲ್ಲಿ ಗಿಂಡಿ ಹಿಡಿದು, ತನ್ನನ್ನು ಯಾರೂ ಹುಡುಕಿಕೊಂಡು ಬಾರದಿರುವುದು ಯಾಕೆಂದು ತಿಳಿಯದೆ ಒಬ್ಬಳು ಕೂತಿದ್ದಳು. ತಂಗಿ ಕಣ್ಣು ಮುಚ್ಚಿಕೊಳ್ಳದೆ ಅವನನ್ನೇ ನೋಡುತ್ತಿದ್ದಳು. ಅವನು ಹೇಳುವವರೆಗೆ ಯಾರೂ ಮುಂದಿನ ಹೆಜ್ಜೆ ಇಡುವಂತಿರಲಿಲ್ಲ.